ಗಮನಕ್ಕೆ ಗಡಿಯಾರ ಕಟ್ಟಿದವರು

ಒಬ್ಬನಿಗೆ ಸ್ಕಿಜೋಫ್ರೇನಿಯಾ ಇದೆಯೆಂದು ವೈದ್ಯರು ಹೇಳುವುದಕ್ಕೆ ಎಷ್ಟೋ ಮೊದಲೇ ಮನೆಯವರು ಅವನಿಗೆ ಬೇರೆ ಬೇರೆ ಹೆಸರುಗಳನ್ನು ಇಟ್ಟಿರುತ್ತಾರೆ. ಸೋಮಾರಿ, ಉಡಾಫೆ, ಮೊಂಡ, ಹೇಳಿದ್ದು ಕಿವಿಗೇ ಹೋಗದವನು. ಉರ್ದು ಮಾತಾಡುವ ಮನೆಗಳಲ್ಲಾದರೆ 'ಬೇಪರ್ವಾ'. ಅಂಗಡಿಗೆ ಕಳಿಸಿದರೆ ನಾಲ್ಕು ಸಾಮಾನಿನಲ್ಲಿ ಎರಡು ಮರೆತು ಬರುತ್ತಾನೆ. ಮಾತಿನ ಮಧ್ಯೆ ಎದ್ದು ಹೋಗುತ್ತಾನೆ. ಪುಸ್ತಕ ಹಿಡಿದರೆ ಅದೇ ಪುಟದಲ್ಲಿ ಅರ್ಧ ದಿನ ಕೂತಿರುತ್ತಾನೆ. ಆಮೇಲೆ ಒಂದು ದಿನ, ಬೇರೆ ಯಾರಿಗೂ ಕೇಳದ ದನಿಗಳು ಅವನಿಗೆ ಕೇಳಿಸತೊಡಗುತ್ತವೆ. ಆಗ ಬೈಗುಳ ನಿಂತು ಓಡಾಟ ಶುರುವಾಗುತ್ತದೆ. ಗುಳಿಗೆಗಳಿಂದ ದನಿಗಳು ಅಡಗುತ್ತವೆ, ಮನೆಯವರು ಉಸಿರು ಬಿಡುತ್ತಾರೆ. ಆದರೆ ಆ ಹಳೆಯ ಬೇಪರ್ವಾತನ ಮಾತ್ರ ಎಲ್ಲೂ ಹೋಗಿರುವುದಿಲ್ಲ. ಮತ್ತೆ ಬೈಗುಳ ಆರಂಭ: 'ಕಾಯಿಲೆ ವಾಸಿಯಾಯಿತಲ್ಲ, ಈಗೇನು ಧಾಡಿ?'

ಅವನು ಗಮನ ಕೊಡುತ್ತಿಲ್ಲವೋ, ಕೊಡಲು ಅವನಿಗೆ ಆಗುತ್ತಿಲ್ಲವೋ? ಮೇಲ್ನೋಟಕ್ಕೆ ಇದು ಅಡುಗೆಮನೆಯ ಜಗಳದ ಪ್ರಶ್ನೆ. ಆದರೆ ನೂರಕ್ಕೂ ಹೆಚ್ಚು ವರ್ಷಗಳಿಂದ ಕೆಲವರು ಇದನ್ನು ಗಡಿಯಾರ ಹಿಡಿದು, ಸೆಕೆಂಡಿನ ಸಾವಿರದೊಂದು ಪಾಲನ್ನು ಎಣಿಸಿ ಬಿಡಿಸಲು ನೋಡಿದ್ದಾರೆ. ಅವರ ಕತೆ ನಮ್ಮಲ್ಲಿ ಹೆಚ್ಚು ಜನರಿಗೆ ಗೊತ್ತಿಲ್ಲ.

ಕನ್ನಡದ 'ಗಮನ' ಎಂಬ ಮಾತಿನ ಮೂಲ ಅರ್ಥ ಹೋಗುವುದು. ಮನಸ್ಸು ಹೊರಟು ವಸ್ತುವಿನ ಬಳಿ ಹೋಗುತ್ತದೆ. ಉರ್ದುವಿನ 'ತವಜ್ಜೊ' ಹುಟ್ಟಿದ್ದು ಮುಖ ಎಂಬ ಅರ್ಥವಿರುವ ಅರಬ್ಬಿ ಧಾತುವಿನಿಂದ. ಅಂದರೆ ಮುಖ ಅತ್ತ ತಿರುಗಿಸುವುದು. ಹೊರಡುವುದೂ ತಿರುಗುವುದೂ ನಮ್ಮ ಇಷ್ಟಕ್ಕೆ ಬಿಟ್ಟ ಕೆಲಸ ಎಂದು ಎರಡು ಭಾಷೆಗಳೂ ನಂಬಿದಂತಿದೆ. ಮೇಲಾಗಿ ನಾವು 'ಗಮನ ಕೊಡು' ಎನ್ನುತ್ತೇವೆ. ಕೊಡುವುದು ಕೈಯಲ್ಲಿ ಇರುವುದನ್ನೇ ತಾನೆ? ಹಾಗಾಗಿ ಕೊಡದವನು ಜಿಪುಣನಾಗುತ್ತಾನೆ, ಬಡವನಾಗುವುದಿಲ್ಲ. ಏಕಕಾಲಕ್ಕೆ ಎಂಟು ಕಡೆ ಗಮನ ಹಂಚಿ ಗೆದ್ದ ಅಷ್ಟಾವಧಾನಿಗಳಿಗೆ ಶಾಲು ಹೊದಿಸಿ ಮೆರೆಸಿದ ನಾಡು ನಮ್ಮದು. ಒಂದು ಕಡೆಗೂ ಗಮನ ನಿಲ್ಲಿಸಲಾಗದವರ ಲೆಕ್ಕ ಇಡುವ ಕೆಲಸ ಮೊದಲಾದದ್ದು ಮಾತ್ರ ದೂರದ ಜರ್ಮನಿಯಲ್ಲಿ.

1879ರಲ್ಲಿ ವಿಲ್ಹೆಲ್ಮ್ ವುಂಟ್ ಎಂಬ ಪ್ರಾಧ್ಯಾಪಕರು ಲೈಪ್‌ಜಿಗ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರದ ಪ್ರಯೋಗಾಲಯ ತೆರೆದರು. ಮನಸ್ಸನ್ನು ಕುರಿತು ಅಲ್ಲಿಯವರೆಗೆ ತತ್ವಜ್ಞಾನಿಗಳು ಕೂತು ಯೋಚಿಸುತ್ತಿದ್ದರು. ವುಂಟ್ ಅದನ್ನು ಅಳೆಯಲು ಹೊರಟರು. ಅವರ ಕೈಯಲ್ಲಿದ್ದ ಮುಖ್ಯ ಸಲಕರಣೆ, ಹಿಪ್ ಎಂಬ ಗಡಿಯಾರ ತಯಾರಕನ ಕ್ರೋನೋಸ್ಕೋಪು. ವಿದ್ಯುತ್ತಿನಿಂದ ಮುಳ್ಳು ಹೊರಟು, ವಿದ್ಯುತ್ತಿನಿಂದಲೇ ನಿಲ್ಲುವ ಈ ಗಡಿಯಾರ ಸೆಕೆಂಡಿನ ಸಾವಿರದ ಒಂದು ಭಾಗವನ್ನು ತೋರಿಸುತ್ತಿತ್ತು. ಸದ್ದು ಕೇಳಿದ ಕೂಡಲೇ ಗುಂಡಿಯಿಂದ ಬೆರಳೆತ್ತಬೇಕು. ಸದ್ದಿಗೂ ಬೆರಳಿಗೂ ನಡುವೆ ಹೋದ ಹೊತ್ತು ಮನಸ್ಸು ತೆಗೆದುಕೊಂಡ ಹೊತ್ತು.

ಈ ಪ್ರಯೋಗಾಲಯಕ್ಕೆ 1882ರಲ್ಲಿ ಎಮಿಲ್ ಕ್ರೇಪೆಲಿನ್ ಎಂಬ ಯುವ ವೈದ್ಯರು ಬಂದರು. ಅವರಿಗೆ ಕೆಲಸವಿದ್ದದ್ದು ಅದೇ ಊರಿನಲ್ಲಿ ಫ್ಲೆಕ್ಸಿಗ್ ಎಂಬ ಪ್ರಾಧ್ಯಾಪಕರ ಮಾನಸಿಕ ಚಿಕಿತ್ಸಾಲಯದಲ್ಲಿ. ಆದರೆ ಅವರ ಮನಸ್ಸೆಲ್ಲ ವುಂಟ್‌ರ ಗಡಿಯಾರದ ಮೇಲೆ. ಕೆಲವೇ ತಿಂಗಳಲ್ಲಿ ಫ್ಲೆಕ್ಸಿಗ್ ಅವರನ್ನು ಕೆಲಸದಿಂದ ತೆಗೆದುಹಾಕಿದರು. ಮುಂದೆ ರೋಗಿಗಳ ಗಮನಭಂಗದ ಬಗ್ಗೆ ಬರೆಯಲಿದ್ದವರು ಮೊದಲು ಕೆಲಸ ಕಳೆದುಕೊಂಡದ್ದು ತಮ್ಮದೇ ಗಮನ ಬೇರೆ ಕಡೆ ಇದ್ದ ಕಾರಣಕ್ಕೆ! ಆ ಗಡಿಯಾರದ ಮುಂದೆ ಕೂತು ಕ್ರೇಪೆಲಿನ್ ಮದ್ಯ, ಚಹಾ, ಮಾರ್ಫಿನ್‌ನಂಥ ಪದಾರ್ಥಗಳು ಮನಸ್ಸಿನ ವೇಗವನ್ನು ಹೇಗೆ ಬದಲಿಸುತ್ತವೆಂದು ಅಳೆದರು. ಆ ಪುಸ್ತಕ 1892ರಲ್ಲಿ ಬಂತು. ಮುಂದೆ ಅವರು ಮದ್ಯದ ಕಡು ವಿರೋಧಿಯಾದರು.

1886ರಲ್ಲಿ, ಮೂವತ್ತರ ವಯಸ್ಸಿಗೆ, ಅವರು ದೋರ್ಪಾತ್ ಎಂಬ ಊರಿನಲ್ಲಿ ಪ್ರಾಧ್ಯಾಪಕರಾದರು. ಈಗ ಎಸ್ಟೋನಿಯಾದಲ್ಲಿರುವ ಈ ಊರು ಆಗ ರಷ್ಯಾ ಸಾಮ್ರಾಜ್ಯಕ್ಕೆ ಸೇರಿತ್ತು. ವಿಶ್ವವಿದ್ಯಾಲಯದ ಭಾಷೆ ಜರ್ಮನ್. ಆಸ್ಪತ್ರೆಗೆ ಬರುತ್ತಿದ್ದ ರೈತಾಪಿ ಜನರ ಭಾಷೆ ಎಸ್ಟೋನಿಯನ್, ಲಾಟ್ವಿಯನ್, ರಷ್ಯನ್. ರೋಗಿಯೊಂದಿಗೆ ಮಾತಾಡಲು ಕ್ರೇಪೆಲಿನ್‌ಗೆ ದುಭಾಷಿ ಬೇಕಾಗುತ್ತಿತ್ತು. ಮನೆಯಲ್ಲಿ ಒಂದು, ಬೀದಿಯಲ್ಲಿ ಇನ್ನೊಂದು, ಶಾಲೆಯಲ್ಲಿ ಮತ್ತೊಂದು ಭಾಷೆ ಆಡಿ ಬೆಳೆದ ನಮ್ಮಂಥವರಿಗೆ ಇದು ಸಣ್ಣ ಸಂಗತಿಯಲ್ಲ. ರೋಗಿಯ ಮಾತು ದುಭಾಷಿಯ ಬಾಯಲ್ಲಿ ಹಾದು ಬರುವಾಗ ಎಷ್ಟು ಸೋರಿಹೋಗುತ್ತದೆ! ಸದ್ದು ಕೇಳಿ ಬೆರಳೆತ್ತುವುದಕ್ಕಾದರೆ ದುಭಾಷಿ ಬೇಡ. ಕ್ರೇಪೆಲಿನ್‌ಗೆ ಗಡಿಯಾರದ ಮೇಲೆ ಮೊದಲೇ ಇದ್ದ ಪ್ರೀತಿ ಇಲ್ಲಿ ಇನ್ನಷ್ಟು ಬೆಳೆದಿದ್ದರೆ ಆಶ್ಚರ್ಯವಿಲ್ಲ ಎನ್ನುವುದು ನಮ್ಮ ಊಹೆ.

ಹೈಡೆಲ್‌ಬರ್ಗ್‌ಗೆ ಬಂದ ಮೇಲೆ ಅವರು ಒಂದು ಹೊಸ ಲೆಕ್ಕದ ಕೆಲಸ ಹೂಡಿದರು. ಕಾಗದದ ಮೇಲೆ ಉದ್ದಕ್ಕೂ ಒಂಟಿ ಅಂಕಿಗಳು. ಪಕ್ಕಪಕ್ಕದ ಎರಡನ್ನು ಕೂಡುತ್ತಾ ಹೋಗಬೇಕು. ಗೊತ್ತಾದ ಹೊತ್ತಿಗೊಮ್ಮೆ ಸೂಚನೆ ಕೊಟ್ಟಾಗ ಗೆರೆ ಎಳೆಯಬೇಕು. ಒಂದೊಂದು ಗೆರೆಗೂ ಎಷ್ಟು ಲೆಕ್ಕ ಮುಗಿಯಿತೆಂದು ನೋಡಿದರೆ ಮನಸ್ಸಿನ ದುಡಿಮೆಯ ಏರಿಳಿತ ಕಾಣುತ್ತದೆ: ಎಲ್ಲಿ ಉತ್ಸಾಹ, ಎಲ್ಲಿ ದಣಿವು, ಎಲ್ಲಿ ಗಮನ ಜಾರಿತು. ಈ ಕೂಡಿಕೆ ಹಾಳೆ ಜಪಾನಿಗೆ ಹೋಗಿ ಉಚಿದಾ–ಕ್ರೇಪೆಲಿನ್ ಪರೀಕ್ಷೆ ಎಂಬ ಹೆಸರಿನಲ್ಲಿ ಅಭ್ಯರ್ಥಿಗಳನ್ನು ಕೆಲಸಕ್ಕೆ ಆಯುವ ಸಾಧನವಾದದ್ದು ಬೇರೆಯೇ ಕತೆ.

ತಾರುಣ್ಯದಲ್ಲೇ ಶುರುವಾಗಿ ಬುದ್ಧಿಯನ್ನು ಕುಂದಿಸುತ್ತದೆ ಎಂಬ ಅರ್ಥದಲ್ಲಿ ಕ್ರೇಪೆಲಿನ್ ಈ ಕಾಯಿಲೆಯನ್ನು 'ಡಿಮೆನ್ಷಿಯಾ ಪ್ರೀಕಾಕ್ಸ್' ಎಂದು ಕರೆದರು. ರೋಗಿಗಳ ಗಮನದ ಬಗ್ಗೆ ಅವರು ಕಂಡುಕೊಂಡದ್ದು ಸೂಕ್ಷ್ಮವಾದ ಮಾತು. ರೋಗಿಗೆ ಎದುರಿನದು ಕಾಣಿಸುತ್ತದೆ, ಕೇಳಿಸುತ್ತದೆ, ಅರ್ಥವೂ ಆಗುತ್ತದೆ. ಆದರೆ ತಾನಾಗಿ ಅದರ ಕಡೆ ಮನಸ್ಸು ತಿರುಗಿಸಿ ಅಲ್ಲೇ ನಿಲ್ಲಿಸುವ ಶಕ್ತಿ ಕುಗ್ಗಿರುತ್ತದೆ. ಕೆಲವೊಮ್ಮೆ ಇದಕ್ಕೆ ತದ್ವಿರುದ್ಧವಾಗಿ, ಬೇಡದ ಯಾವುದೋ ವಸ್ತು ಅವನ ಕಣ್ಣನ್ನು ಹಿಡಿದು ಬಿಡುವುದೇ ಇಲ್ಲ. ಅಂದರೆ ಕೆಟ್ಟಿರುವುದು ಕಿವಿಯಲ್ಲ, ಬುದ್ಧಿಯೂ ಅಲ್ಲ. ಇವೆರಡನ್ನೂ ಕೆಲಸಕ್ಕೆ ಹಚ್ಚುವ ಮೇಸ್ತ್ರಿ.

ಕ್ರೇಪೆಲಿನ್‌ಗೆ ದುಭಾಷಿ ಬೇಕಿದ್ದರೆ, ಸ್ವಿಟ್ಜರ್ಲೆಂಡಿನ ಆಯ್ಗೆನ್ ಬ್ಲಾಯ್ಲರ್‌ಗೆ ಅದು ಬೇಕಿರಲಿಲ್ಲ. ಅವರು ಜ್ಯೂರಿಕ್ ಪಕ್ಕದ ಹಳ್ಳಿಯವರು. ಅದಕ್ಕೆ ಮೊದಲು ಜ್ಯೂರಿಕ್‌ನ ಬುರ್ಗ್‌ಹೋಲ್ಜ್ಲಿ ಆಸ್ಪತ್ರೆಯನ್ನು ನಡೆಸುತ್ತಿದ್ದ ಜರ್ಮನಿಯ ಪ್ರಾಧ್ಯಾಪಕರಿಗೆ ತಮ್ಮ ಜನರ ಮಾತೇ ತಿಳಿಯುವುದಿಲ್ಲ ಎಂಬ ದೂರು ಊರವರಲ್ಲಿತ್ತು. ಬ್ಲಾಯ್ಲರ್ ಆ ಜನರ ಮಾತನ್ನೇ ಆಡುತ್ತಿದ್ದವರು. ರೈನ್ ನದಿಯ ದಡದ ರೈನಾವ್ ಎಂಬಲ್ಲಿ ಹಳೆಯ ಮಠವೊಂದು ಮಾನಸಿಕ ಆಸ್ಪತ್ರೆಯಾಗಿತ್ತು. ಅಲ್ಲಿ 1886ರಿಂದ ಹನ್ನೆರಡು ವರ್ಷ ನೂರಾರು ರೋಗಿಗಳ ಜೊತೆಗೇ ಬದುಕಿದರು. 1898ರಲ್ಲಿ ಬುರ್ಗ್‌ಹೋಲ್ಜ್ಲಿಗೆ ಮುಖ್ಯಸ್ಥರಾಗಿ ಬಂದರು. ಅವರ ಸ್ವಂತ ಅಕ್ಕನೇ ಮನೋರೋಗಿ. ಆಕೆ ಆಸ್ಪತ್ರೆಯ ಆವರಣದ ಅವರ ಮನೆಯಲ್ಲೇ ಇದ್ದರು. ಮಾತಿಲ್ಲದೆ ಕೂತಿರುವವರನ್ನು ಹೀಗೆ ದಿನವಿಡೀ, ವರ್ಷಗಟ್ಟಲೆ ನೋಡಿದವರಿಗೆ ಗಡಿಯಾರಕ್ಕೆ ಕಾಣದ ಒಂದು ಸಂಗತಿ ಕಂಡಿತು. ಗೋಡೆಗೆ ಮುಖ ಮಾಡಿ, ಯಾವುದಕ್ಕೂ ಸಂಬಂಧವಿಲ್ಲದವನಂತೆ ಇದ್ದ ರೋಗಿ ಎಷ್ಟೋ ದಿನಗಳಾದ ಮೇಲೆ ಆ ಕೋಣೆಯಲ್ಲಿ ಯಾರು ಬಂದರು, ಏನು ಮಾತಾಡಿದರು ಎಂದು ಒಂದೂ ಬಿಡದೆ ಹೇಳುತ್ತಿದ್ದ. ಗಮನ ಅಲ್ಲಿ ಇತ್ತು, ಆದರೆ ಅದರ ಒಡೆತನ ಅವನಲ್ಲಿ ಇರಲಿಲ್ಲ. ತಾನಾಗಿ ಕೊಡುವ ಗಮನ ಬೇರೆ, ತಾನೇತಾನಾಗಿ ಹೋಗುವ ಗಮನ ಬೇರೆ ಎಂದು ಬ್ಲಾಯ್ಲರ್ ವಿಂಗಡಿಸಿದರು. ಸ್ಕಿಜೋಫ್ರೇನಿಯಾ ಎಂಬ ಹೆಸರನ್ನು 1908ರಲ್ಲಿ ಬರ್ಲಿನ್ನಿನ ಒಂದು ಉಪನ್ಯಾಸದಲ್ಲಿ ಮೊದಲು ಹೇಳಿದವರೂ ಅವರೇ. ಅವರ ದೊಡ್ಡ ಗ್ರಂಥ 1911ರಲ್ಲಿ ಬಂತು.

ನಮ್ಮಲ್ಲಿ ಇಂದಿಗೂ ಇಂಥವರ ಎದುರಿಗೇ ಅವರ ಬಗ್ಗೆ ಏನು ಬೇಕಾದರೂ ಮಾತಾಡುವ ರೂಢಿ ಇದೆ. 'ಅವನಿಗೇನು ಗೊತ್ತಾಗುತ್ತೆ' ಎಂಬ ಧೈರ್ಯ. ಬ್ಲಾಯ್ಲರ್ ಕಂಡದ್ದನ್ನು ಅಂಥ ಮನೆಗಳಿಗೆ ಓದಿ ಹೇಳಬೇಕು.

ಮುಂದಿನ ದೊಡ್ಡ ಹೆಜ್ಜೆ ಬಿದ್ದದ್ದು ಅಮೆರಿಕದಲ್ಲಿ, ಅದೂ ಒಬ್ಬ ಹೆಂಡತಿಯ ಸಂಕಟದಿಂದ. ಕ್ಯಾಥರೀನ್ ಡೆಕ್ಸ್ಟರ್ 1904ರಲ್ಲಿ ಎಂ.ಐ.ಟಿ.ಯಲ್ಲಿ ಜೀವಶಾಸ್ತ್ರದ ಪದವಿ ಪಡೆದು, ಅದೇ ವರ್ಷ ಸ್ಟ್ಯಾನ್ಲಿ ಮೆಕಾರ್ಮಿಕ್ ಎಂಬವನನ್ನು ಮದುವೆಯಾದರು. ಬೆಳೆ ಕೊಯ್ಯುವ ಯಂತ್ರದಿಂದ ಕೋಟ್ಯಧಿಪತಿಯಾಗಿದ್ದ ಸೈರಸ್ ಮೆಕಾರ್ಮಿಕ್‌ನ ಮಗ ಅವನು. ಎರಡೇ ವರ್ಷದಲ್ಲಿ ಅವನ ಮನಸ್ಸು ಕೆಟ್ಟಿತು, ಸ್ಕಿಜೋಫ್ರೇನಿಯಾ ಎಂದಾಯಿತು. ಕ್ಯಾಲಿಫೋರ್ನಿಯಾದ ವಿಶಾಲ ಎಸ್ಟೇಟಿನಲ್ಲಿ ಅವನನ್ನು ಇರಿಸಿದರು. ಹೆಂಗಸರ ಸಾಮೀಪ್ಯ ಅವನಿಗೆ ಅಪಾಯ ಎಂದು ವೈದ್ಯರು ಹೆಂಡತಿಯನ್ನೂ ಸುಮಾರು ಇಪ್ಪತ್ತು ವರ್ಷ ಹತ್ತಿರ ಬಿಡಲಿಲ್ಲ. ಗಂಡನ ಕಾಯಿಲೆಯ ಮೂಲ ಗ್ರಂಥಿಗಳಲ್ಲಿದೆ ಎಂದು ನಂಬಿದ ಕ್ಯಾಥರೀನ್, 1927ರಲ್ಲಿ ಹಾರ್ವರ್ಡ್‌ನಲ್ಲಿ ಸಂಶೋಧನಾ ನಿಧಿಯೊಂದನ್ನು ಸ್ಥಾಪಿಸಿದರು. ಆ ಹಣದಿಂದ ಮೆಸಾಚುಸೆಟ್ಸ್‌ನ ವೂಸ್ಟರ್ ಸರಕಾರಿ ಮಾನಸಿಕ ಆಸ್ಪತ್ರೆಯಲ್ಲಿ ಕೆಲಸ ಆರಂಭವಾಯಿತು. ಗ್ರಂಥಿಗಳ ಕಡೆಯಿಂದ ಆಕೆ ಕಾದಿದ್ದ ಉತ್ತರ ಬರಲಿಲ್ಲ. 1947ರಲ್ಲಿ ಸ್ಟ್ಯಾನ್ಲಿ ತೀರಿಕೊಂಡ. ಮುಂದೆ ಇದೇ ಕ್ಯಾಥರೀನ್ ಅವರ ಹಣವೇ ಗರ್ಭನಿರೋಧಕ ಮಾತ್ರೆಯ ಸಂಶೋಧನೆಗೂ ಒದಗಿತು. ಜಗತ್ತು ಅವರನ್ನು ನೆನೆಯುವುದು ಆ ಕಾರಣಕ್ಕೆ. ವೂಸ್ಟರ್‌ನ ಗಡಿಯಾರಗಳನ್ನು ನೆನೆಯುವವರು ಕಡಿಮೆ.

ಆ ಗಡಿಯಾರಗಳ ಹಿಂದೆ ಕೂತಿದ್ದವರು ಡೇವಿಡ್ ಶಾಕೋ. 1928ರಲ್ಲಿ ಮನಶ್ಶಾಸ್ತ್ರಜ್ಞರಾಗಿ ಅಲ್ಲಿಗೆ ಬಂದ ಅವರು ಹದಿನೆಂಟು ವರ್ಷ ಅಲ್ಲೇ ಉಳಿದರು. ಪ್ರಯೋಗ ನೋಡಲು ಬಹಳ ಸರಳ. 'ಸಿದ್ಧ' ಎಂಬ ಸೂಚನೆ ಬರುತ್ತದೆ. ರೋಗಿ ಗುಂಡಿಯ ಮೇಲೆ ಬೆರಳಿಟ್ಟು ಕಾಯುತ್ತಾನೆ. ಸ್ವಲ್ಪ ಹೊತ್ತಿನ ಮೇಲೆ ಬೆಳಕೋ ಸದ್ದೋ ಬಂದಾಗ ಬೆರಳೆತ್ತಬೇಕು. ರೋಗಿಗಳು ನಿಧಾನ ಎನ್ನುವುದು ಮೊದಲ ದಿನವೇ ಗೊತ್ತಾಗುವಂಥದ್ದು. ಆದರೆ ನಿಧಾನಕ್ಕೆ ನೂರು ಕಾರಣ ಇರಬಹುದಲ್ಲ? ಮನಸ್ಸಿಲ್ಲ, ಬೇಸರ, ಸಂಶೋಧಕರ ಮೇಲೆ ಸಿಟ್ಟು. ಹಾಗಾಗಿ ಶಾಕೋ ತಂಡ ರೋಗಿ ಎಷ್ಟು ಸಹಕರಿಸಿದ ಎಂಬುದನ್ನೂ ಬರೆದಿಟ್ಟುಕೊಳ್ಳುತ್ತಿತ್ತು. ಅವರು ನಿಜವಾದ ಗುಟ್ಟನ್ನು ಹುಡುಕಿದ್ದು ಕಾಯುವ ಆ ನಡುವಣ ಹೊತ್ತಿನಲ್ಲಿ.

ರಮಜಾನ್ ಸಂಜೆ ಖರ್ಜೂರ ಕೈಯಲ್ಲಿ ಹಿಡಿದು ಸೈರನ್ನಿಗೆ ಕಾಯುವುದನ್ನು ನೆನೆಸಿಕೊಳ್ಳಿ. ಹೊತ್ತು ನಿಖರವಾಗಿ ಗೊತ್ತಿದ್ದರೆ ಕೈ ಸಿದ್ಧವಾಗಿಯೇ ಇರುತ್ತದೆ. ಸದ್ದಿನ ಜೊತೆಗೇ ಖರ್ಜೂರ ಬಾಯಿಗೆ. ಹೊತ್ತು ಗೊತ್ತಿಲ್ಲದಿದ್ದರೆ ಒಂದು ಕ್ಷಣ ತಡ. ಆರೋಗ್ಯವಂತರು ಪ್ರಯೋಗದಲ್ಲೂ ಹೀಗೆಯೇ. ಪ್ರತಿಸಲ ಒಂದೇ ಅಂತರದಲ್ಲಿ ಸದ್ದು ಬಂದರೆ ಬೇಗ ಬೆರಳೆತ್ತುತ್ತಾರೆ. ಅಂತರ ಏರುಪೇರಾದರೆ ತಡವಾಗುತ್ತದೆ. ಸ್ಕಿಜೋಫ್ರೇನಿಯಾ ಇದ್ದವರಲ್ಲಿಯೂ ಅಂತರ ಬಹಳ ಚಿಕ್ಕದಿದ್ದಾಗ ಇದೇ ಲಾಭ ಕಂಡಿತು. ಆದರೆ ಕಾಯುವ ಹೊತ್ತು ಕೆಲವು ಸೆಕೆಂಡು ದಾಟಿತೆಂದರೆ, ಯಾವಾಗ ಸದ್ದು ಬರುತ್ತದೆಂದು ಗೊತ್ತಿದ್ದರೂ ಅದರಿಂದ ಅವರಿಗೆ ಉಪಯೋಗ ಆಗುತ್ತಿರಲಿಲ್ಲ. ಏರುಪೇರಿನ ಅಂತರಕ್ಕಿಂತಲೂ ಒಂದೇ ಅಂತರದಲ್ಲಿ ಅವರು ಹೆಚ್ಚು ತಡ ಮಾಡುವುದೂ ಕಂಡಿತು. ಈ ಸರಣಿಯ ಮೊದಲ ಲೇಖನ 1937ರಲ್ಲಿ, ಎಲಿಯಟ್ ರಾಡ್ನಿಕ್ ಜೊತೆ ಶಾಕೋ ಬರೆದ ಮುಖ್ಯ ಲೇಖನ 1940ರಲ್ಲಿ ಪ್ರಕಟವಾದವು.

ಇದು ಯಾಕೆ ಮುಖ್ಯ? ಸೋಮಾರಿಯಾದವನು ಎಲ್ಲ ಕಡೆಯೂ ನಿಧಾನವಾಗಿರಬೇಕು. ಮನಸ್ಸಿಲ್ಲದವನಿಗೆ ಎರಡು ಸೆಕೆಂಡಿನ ಅಂತರವೂ ಒಂದೇ, ಹತ್ತು ಸೆಕೆಂಡಿನದೂ ಒಂದೇ. ಇಲ್ಲಿ ಹಾಗಿರಲಿಲ್ಲ. ಚಿಕ್ಕ ಅಂತರದಲ್ಲಿ ಅವನು ಯತ್ನಿಸುತ್ತಿದ್ದ, ಅದರ ಫಲವೂ ಸಿಗುತ್ತಿತ್ತು. ಅಂತರ ಉದ್ದವಾದಂತೆ ಕೈಗೂಡದೆ ಹೋಗುತ್ತಿದ್ದದ್ದು ಸಿದ್ಧತೆಯನ್ನು ಹಿಡಿದಿಟ್ಟುಕೊಳ್ಳುವ ಶಕ್ತಿ. ಕೆಲಸದ ಒಟ್ಟು ಉದ್ದೇಶ ಕೈತಪ್ಪಿ, ನಡುವೆ ಬಂದ ಚಿಲ್ಲರೆ ಸಂಗತಿಗಳು ಮನಸ್ಸನ್ನು ಚೂರುಚೂರಾಗಿ ಎಳೆದುಕೊಳ್ಳುತ್ತವೆ ಎಂದು ಶಾಕೋ ಮುಂದೆ ವಿವರಿಸಿದರು. ಅಡುಗೆಮನೆಯ ಜಗಳಕ್ಕೆ ಸಿಕ್ಕ ಮೊದಲ ಗಟ್ಟಿ ಸಾಕ್ಷ್ಯ ಇದೇ ಎಂದು ನಮಗೆ ಅನಿಸುತ್ತದೆ.

ಅಷ್ಟರವರೆಗೆ ರೋಗಿಯ ಬೆರಳನ್ನು ಅಳೆದವರು ಅವನ ಮಾತನ್ನು ಕೇಳಿದ್ದು ಕಡಿಮೆ. ಬ್ರಿಟನ್ನಿನಲ್ಲಿ ಡೊನಾಲ್ಡ್ ಬ್ರಾಡ್‌ಬೆಂಟ್ 1958ರಲ್ಲಿ ಗಮನ ಎಂದರೆ ಒಂದು ಜರಡಿ ಎಂಬ ವಾದ ಮುಂದಿಟ್ಟಿದ್ದರು. ಲೋಕದ ಸದ್ದುಗದ್ದಲವೆಲ್ಲ ಏಕಕಾಲಕ್ಕೆ ಒಳಗೆ ಬಂದರೆ ಬದುಕಲಾಗದು; ಬೇಕಾದದ್ದನ್ನು ಬಿಟ್ಟುಕೊಂಡು ಉಳಿದದ್ದನ್ನು ತಡೆಯಬೇಕು. ಸ್ಕಾಟ್ಲೆಂಡಿನ ಡಂಡೀ ಊರಿನ ಮೆಕ್‌ಗೀ ಮತ್ತು ಚಾಪ್‌ಮನ್ ಎಂಬಿಬ್ಬರು ಕಾಯಿಲೆ ಆಗತಾನೆ ಶುರುವಾದವರನ್ನು ಕೂರಿಸಿಕೊಂಡು, ನಿಮಗೆ ಒಳಗೆ ಏನಾಗುತ್ತಿದೆ ಎಂದು ಸುಮ್ಮನೆ ಕೇಳಿದರು. 1961ರಲ್ಲಿ ಬಂದ ಆ ಲೇಖನ ಓದಿದರೆ ಮೈ ಜುಮ್ಮೆನ್ನುತ್ತದೆ. ಜರಡಿ ಹರಿದುಹೋದವರ ಮಾತುಗಳು ಅವು. ಎಲ್ಲ ಸದ್ದೂ ಒಂದೇ ಎತ್ತರದಲ್ಲಿ ಕೇಳಿಸುತ್ತದೆ, ಯಾವುದನ್ನು ಹಿಡಿಯುವುದು ಯಾವುದನ್ನು ಬಿಡುವುದು ತಿಳಿಯುವುದಿಲ್ಲ ಎಂದವರುಂಟು. ಟಿ.ವಿ. ಮುಂದೆ ಕೂತರೆ ಚಿತ್ರ ನೋಡಲು ಹೋದಾಗ ಮಾತು ತಪ್ಪಿಹೋಗುತ್ತದೆ, ಎರಡನ್ನೂ ಒಟ್ಟಿಗೆ ಹಿಡಿಯಲಾಗದು ಎಂದವರುಂಟು. ಒಬ್ಬರು ಮಾತಾಡಿದರೆ ಹೇಗೋ ತಿಳಿಯುತ್ತದೆ, ನಾಲ್ಕು ಜನ ಸೇರಿದರೆ ಬರೀ ಗದ್ದಲ. ಮದುವೆ ಮನೆಗೆ ಬಂದ ಹುಡುಗ ಊಟಕ್ಕೂ ನಿಲ್ಲದೆ ಯಾಕೆ ಓಡಿಹೋದ ಎಂದು ನೆಂಟರು ಆಡಿಕೊಳ್ಳುವಾಗ ಈ ಮಾತುಗಳು ನಮಗೆ ನೆನಪಾಗುತ್ತವೆ.

ಈಗ ಹೆಚ್ಚು ಬಳಕೆಯಲ್ಲಿರುವ ಪರೀಕ್ಷೆ ಹುಟ್ಟಿದ್ದು ಬೇರೆಯೇ ಕಾಯಿಲೆಗಾಗಿ. ಮೂರ್ಛೆರೋಗದ ಒಂದು ಬಗೆಯಲ್ಲಿ ರೋಗಿ ಬೀಳುವುದಿಲ್ಲ. ಕೆಲವು ಸೆಕೆಂಡು ಎಲ್ಲೋ ಹೋಗಿ ಮರಳಿ ಬಂದಂತೆ ಇರುತ್ತದೆ. ಆ ಗೈರುಹಾಜರಿಯನ್ನು ಹಿಡಿಯುವುದು ಹೇಗೆ? 1956ರಲ್ಲಿ ರಾಸ್ವಾಲ್ಡ್, ಅಲನ್ ಮಿರ್ಸ್ಕಿ ಮತ್ತು ಸಂಗಡಿಗರು ಒಂದು ಉಪಾಯ ಮಾಡಿದರು. ಕಿಟಕಿಯಂಥ ತೂತಿನಲ್ಲಿ ಇಂಗ್ಲಿಷಿನ ಅಕ್ಷರಗಳು ಒಂದೊಂದಾಗಿ, ಸೆಕೆಂಡಿಗೆ ಸುಮಾರು ಒಂದರಂತೆ ಬಂದು ಮಾಯವಾಗುತ್ತವೆ. ಎಕ್ಸ್ ಬಂದಾಗ ಮಾತ್ರ ಗುಂಡಿ ಒತ್ತಬೇಕು. ಕಷ್ಟದ ಪಾಠದಲ್ಲಿ, ಎ ಆದ ಮೇಲೆ ಎಕ್ಸ್ ಬಂದರೆ ಮಾತ್ರ. ನಿಮಿಷಗಟ್ಟಲೆ ಇದೇ ಕೆಲಸ. ರಾತ್ರಿ ಪಾಳಿಯ ಕಾವಲುಗಾರನಂತೆ, ಏನೂ ಆಗದಿದ್ದರೂ ಎಚ್ಚರವಾಗಿರಬೇಕು. ಇದಕ್ಕೆ ಕಂಟಿನ್ಯುಯಸ್ ಪರ್ಫಾರ್ಮೆನ್ಸ್ ಟೆಸ್ಟ್, ಚಿಕ್ಕದಾಗಿ ಸಿ.ಪಿ.ಟಿ. ಎಂಬ ಹೆಸರು.

ಕಾನನ್ ಕಾರ್ನೆಟ್ಸ್ಕಿ ಮತ್ತು ಮರೆಸ್ಸಾ ಆರ್ಜಾಕ್ 1966ರಲ್ಲಿ ಇದನ್ನು ಬಹುಕಾಲದ ಸ್ಕಿಜೋಫ್ರೇನಿಯಾ ರೋಗಿಗಳಿಗೆ ಕೊಟ್ಟರು. ಹೋಲಿಕೆಗೆ ಆರೋಗ್ಯವಂತರ ಜೊತೆ ಮದ್ಯವ್ಯಸನಿಗಳನ್ನೂ ಕೂರಿಸಿದರು. ಸ್ಕಿಜೋಫ್ರೇನಿಯಾದವರು ಹೆಚ್ಚು ತಪ್ಪಿದರು. ಆದರೆ ಎಲ್ಲರೂ ಅಲ್ಲ. ಕಾರ್ನೆಟ್ಸ್ಕಿ ಲೆಕ್ಕದಲ್ಲಿ ಶೇಕಡ 40ರಿಂದ 50ರಷ್ಟು ಮಂದಿ. ಉಳಿದವರು ಬೇರೆಯವರಂತೆಯೇ ಮಾಡಿದರು. ಔಷಧಗಳದೂ ವಿಚಿತ್ರ ಕತೆ. 1952ರಲ್ಲಿ ಪ್ಯಾರಿಸ್ಸಿನಲ್ಲಿ ಬಳಕೆಗೆ ಬಂದ ಕ್ಲೋರ್‌ಪ್ರೊಮಜೀನ್ ಮಾತ್ರೆ ಆರೋಗ್ಯವಂತರ ಅಂಕ ಕೆಡಿಸಿತು. ಅದೇ ಬಗೆಯ ಔಷಧಗಳು ರೋಗಿಗಳ ಅಂಕ ಸುಧಾರಿಸಿದವು. ಆದರೂ ಪೂರ್ತಿ ಸರಿಹೋಗಲಿಲ್ಲ. 1973ರಲ್ಲಿ ವೋಲ್‌ಬರ್ಗ್ ಮತ್ತು ಕಾರ್ನೆಟ್ಸ್ಕಿ ಕಾಯಿಲೆ ಇಳಿದು ಹೊರಗೆ ಬಾಳುತ್ತಿದ್ದವರನ್ನು ಪರೀಕ್ಷಿಸಿದರು. ದನಿ, ಭ್ರಮೆ ಅಡಗಿದ್ದರೂ ಗಮನದ ಕುಂದು ಉಳಿದೇ ಇತ್ತು. 'ವಾಸಿಯಾಯಿತಲ್ಲ, ಈಗೇನು ಧಾಡಿ' ಎಂಬ ಮಾತಿಗೆ ಉತ್ತರ ಇಲ್ಲಿದೆ. ದನಿಗಳು ಒಂದು ಕೋಣೆಯ ತೊಂದರೆಯಾದರೆ ಗಮನ ಇನ್ನೊಂದು ಕೋಣೆಯದು. ಒಂದಕ್ಕೆ ಹಾಕಿದ ಬೀಗ ಇನ್ನೊಂದಕ್ಕೆ ಹಿಡಿಯುವುದಿಲ್ಲ.

ತಂದೆಗೋ ತಾಯಿಗೋ ಈ ಕಾಯಿಲೆ ಇರುವ ಮಕ್ಕಳ ಗಮನವನ್ನು ಚಿಕ್ಕಂದಿನಿಂದ ಅಳೆಯುತ್ತಾ ಹೋದ ಅಧ್ಯಯನವೊಂದು ನ್ಯೂಯಾರ್ಕಿನಲ್ಲಿ 1971ರಲ್ಲಿ ಮೊದಲಾಯಿತು. ಮುಂದೆ ಕಾಯಿಲೆ ಬಂದವರಲ್ಲಿ ಹಲವರ ಗಮನ ಮೊದಲೇ ತೊಡಕಿನಲ್ಲಿತ್ತೆಂದು ಅದು ತೋರಿಸಿತು. ಆದರೆ ಗಮನ ಕಡಿಮೆಯಿದ್ದ ಮಕ್ಕಳಿಗೆಲ್ಲ ಕಾಯಿಲೆ ಬರಲಿಲ್ಲ. ಈ ಎರಡನೆಯ ವಾಕ್ಯವನ್ನು ಮರೆತು ಮೊದಲನೆಯದನ್ನಷ್ಟೇ ಹಿಡಿದುಕೊಂಡರೆ ನೂರಾರು ಮಕ್ಕಳ ಹಣೆಗೆ ಚೀಟಿ ಅಂಟಿಸಿದಂತಾಗುತ್ತದೆ.

ಅಳೆಯುವವರ ತಕ್ಕಡಿಯನ್ನೇ ಅಳೆದವರೂ ಇದ್ದರು. ಅಮೆರಿಕದ ಲೋರೆನ್ ಮತ್ತು ಜೀನ್ ಚಾಪ್‌ಮನ್ ಎಂಬ ದಂಪತಿಗಳು 1973ರಲ್ಲಿ ಒಂದು ತಂಟೆಯ ಪ್ರಶ್ನೆ ಎತ್ತಿದರು. (ಡಂಡೀಯ ಚಾಪ್‌ಮನ್ ಬೇರೆ, ಇವರು ಬೇರೆ.) ಸಂಶೋಧಕರು ಎರಡು ಪರೀಕ್ಷೆ ಕೊಡುತ್ತಾರೆ. ಒಂದರಲ್ಲಿ ರೋಗಿಗಳಿಗೂ ಉಳಿದವರಿಗೂ ಅಂತರ ಕಡಿಮೆ, ಇನ್ನೊಂದರಲ್ಲಿ ಹೆಚ್ಚು. ಕೂಡಲೇ, ಆ ಎರಡನೆಯ ಶಕ್ತಿಯೇ ಕಾಯಿಲೆಯಲ್ಲಿ ವಿಶೇಷವಾಗಿ ಕೆಟ್ಟಿದೆ ಎಂದು ಬರೆದುಬಿಡುತ್ತಾರೆ. ದಂಪತಿಗಳು ಹೇಳಿದ್ದು: ನಿಲ್ಲಿ, ಎರಡನೆಯ ಪ್ರಶ್ನೆಪತ್ರಿಕೆ ಜನರನ್ನು ಬೇರ್ಪಡಿಸುವುದರಲ್ಲೇ ಹೆಚ್ಚು ಚುರುಕಾಗಿರಬಹುದು. ಎಲ್ಲರೂ ನೂರಕ್ಕೆ ತೊಂಬತ್ತೆಂಟು ತೆಗೆಯುವ ಪರೀಕ್ಷೆಯಲ್ಲಿ ಜಾಣನೂ ದಡ್ಡನೂ ಒಂದೇ ತರಹ ಕಾಣುತ್ತಾರೆ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಎರಡು ಉಂಗುರ ತೂಗಿದರೆ ವ್ಯತ್ಯಾಸವೇ ಕಾಣದು, ಅಕ್ಕಸಾಲಿಯ ತಕ್ಕಡಿಯಲ್ಲಿ ಕಾಣುತ್ತದೆ, ಉಂಗುರ ಅದೇ. ಎರಡು ತಕ್ಕಡಿಗಳೂ ಸಮ ಎಂದು ಮೊದಲು ತೋರಿಸದೆ, ಇದು ಗಮನದ ಕುಂದು, ಅದು ನೆನಪಿನ ಕುಂದು ಎಂದು ಹೇಳಬಾರದು. ಅದುವರೆಗಿನ ಎಷ್ಟೋ ಲೇಖನಗಳ ಬುಡವನ್ನೇ ಅಲ್ಲಾಡಿಸಿದ ಈ ಪ್ರಶ್ನೆಗೆ ಇಂದಿಗೂ ಪ್ರತಿಯೊಬ್ಬ ಸಂಶೋಧಕರೂ ಉತ್ತರ ಕೊಡಬೇಕು. ನಿದ್ದೆಗೆಟ್ಟವನು, ತೂಕಡಿಕೆ ತರುವ ಮಾತ್ರೆ ನುಂಗಿದವನು, ತಲೆಗೆ ಪೆಟ್ಟು ಬಿದ್ದವನು ಸಹ ಸಿ.ಪಿ.ಟಿ.ಯಲ್ಲಿ ತಪ್ಪುತ್ತಾರೆ. ಹೀಗಾಗಿ ಅಂಕ ನೋಡಿ ಯಾರಿಗೂ ಸ್ಕಿಜೋಫ್ರೇನಿಯಾ ಎಂದು ಹೇಳಲಾಗದು. ತೊಂದರೆ ಎಷ್ಟಿದೆ ಎಂದಷ್ಟೇ ಆ ಅಂಕ ಹೇಳುತ್ತದೆ.

ಇನ್ನೊಂದು ತಕ್ಕಡಿ ಪ್ರಶ್ನೆ ನಮ್ಮದೇ. ಎಕ್ಸ್ ಅಕ್ಷರವನ್ನು ಹಿಡಿ ಎನ್ನುವುದು ಬೋಸ್ಟನ್ನಿನವನಿಗೆ ಗಮನದ ಪರೀಕ್ಷೆ. ಶಾಲೆಯ ಮೆಟ್ಟಿಲು ಹತ್ತದ ನಮ್ಮ ಬೀಡಿ ಕಟ್ಟುವ ತಾಯಂದಿರಿಗೆ ಅದು ಅಕ್ಷರ ಪರೀಕ್ಷೆ. ಗಂಟೆಗಟ್ಟಲೆ ತಲೆಯೆತ್ತದೆ ಒಂದೇ ಅಳತೆಯಲ್ಲಿ ಎಲೆ ಕತ್ತರಿಸುವ ಅವರ ಗಮನವನ್ನು ಯಾವ ಕಿಟಕಿ ತೋರಿಸುತ್ತದೆ? ಬೆಂಗಳೂರಿನ ನಿಮ್ಹಾನ್ಸ್ 2004ರಲ್ಲಿ ಪ್ರಕಟಿಸಿದ ಪರೀಕ್ಷೆಗಳ ಕಟ್ಟು ಈ ದೃಷ್ಟಿಯಿಂದ ಮುಖ್ಯವಾದದ್ದು. ಶೋಭಿನಿ ರಾವ್, ಸುಬ್ಬಕೃಷ್ಣ ಮತ್ತು ಗೋಪುಕುಮಾರ್ ಅವರು ಇಲ್ಲಿಯ ಜನರನ್ನೇ ಪರೀಕ್ಷಿಸಿ ವಯಸ್ಸು, ಲಿಂಗ, ವಿದ್ಯಾಭ್ಯಾಸಗಳಿಗೆ ತಕ್ಕಂತೆ ಬೇರೆ ಬೇರೆ ಮಾನದಂ಼ಡಗಳನ್ನು ಕೊಟ್ಟರು. ಅದರಲ್ಲಿ ಗಮನ ಅಳೆಯುವ ಒಂದು ಹಾಳೆಯ ತುಂಬ ಅಂಕಿಗಳಿರುತ್ತವೆ. 6 ಮತ್ತು 9 ಸಿಕ್ಕಲ್ಲೆಲ್ಲ ಹೊಡೆದುಹಾಕುತ್ತಾ ಹೋಗಬೇಕು. ಹಿಡಿದ ಹೊತ್ತು, ಆದ ತಪ್ಪು ಎರಡನ್ನೂ ಎಣಿಸುತ್ತಾರೆ. ಅಮೆರಿಕದಲ್ಲಿ ಹಲವು ವರ್ಷಗಳ ಚರ್ಚೆಯ ನಂತರ ಮ್ಯಾಟ್ರಿಕ್ಸ್ ಎಂಬ ಹೆಸರಿನ ಹತ್ತು ಪರೀಕ್ಷೆಗಳ ಕಟ್ಟು ಸಿದ್ಧವಾಗಿ, ಅದರ ವಿವರ 2008ರಲ್ಲಿ ಪ್ರಕಟವಾಯಿತು. ಹೊಸ ಮಾತ್ರೆಗಳನ್ನು ಪರೀಕ್ಷಿಸಲು ಎಲ್ಲರಿಗೂ ಒಂದೇ ಅಳತೆಗೋಲು ಇರಲಿ ಎಂಬುದು ಉದ್ದೇಶ. ಅದರಲ್ಲಿರುವ ಸಿ.ಪಿ.ಟಿ.ಯಲ್ಲಿ ಅಕ್ಷರಗಳಿಲ್ಲ, ಸಂಖ್ಯೆಗಳಿವೆ. ಒಂದೇ ಸಂಖ್ಯೆ ಬೆನ್ನುಬೆನ್ನಿಗೆ ಎರಡು ಸಲ ಬಂದರೆ ಗುಂಡಿ ಒತ್ತಬೇಕು. ಅಳತೆಗೋಲು ಬಂದಿದೆ. ಆದರೆ ಈ ತೊಂದರೆಗೆಂದೇ ಒಪ್ಪಿಗೆ ಪಡೆದ ಮಾತ್ರೆ ಇನ್ನೂ ಬಂದಿಲ್ಲ.

ಇಷ್ಟೆಲ್ಲ ಅಳೆದು ಆದದ್ದೇನು ಎಂದು ಕೇಳುವವರಿಗೆ ಮೈಕೆಲ್ ಗ್ರೀನ್ ಅವರ 1996ರ ಲೇಖನವನ್ನು ತೋರಿಸಬೇಕು. ರೋಗಿ ಮುಂದೆ ಹೇಗೆ ಬಾಳುತ್ತಾನೆ ಎಂಬುದನ್ನು ಹೇಳುವುದು ದನಿ ಮತ್ತು ಭ್ರಮೆಗಳ ತೀವ್ರತೆಯಲ್ಲ. ನೆನಪು, ಗಮನದಂಥ ಶಕ್ತಿಗಳೇ ಎಂದು ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ಅವರು ತೋರಿಸಿದರು. ಹೊಸ ಕೆಲಸ ಕಲಿಯುವುದು, ನಾಲ್ಕು ಜನರ ನಡುವಿನ ತೊಡಕು ಬಿಡಿಸುವುದು ಇವುಗಳೊಂದಿಗೆ ಎಚ್ಚರದ ಗಮನಕ್ಕೆ ನಂಟಿತ್ತು. ನಮ್ಮ ದೇಶದಲ್ಲಿ ಮಾನಸಿಕ ಕಾಯಿಲೆಯಿಂದ ಆದ ಅಂಗವೈಕಲ್ಯವನ್ನು ಅಳೆಯಲು ಸರಕಾರ 2002ರಲ್ಲಿ ಒಪ್ಪಿದ ಐಡಿಯಾಸ್ ಎಂಬ ಮಾಪನದಲ್ಲಿ ನಾಲ್ಕು ಕಲಮುಗಳಿವೆ: ತನ್ನ ಆರೈಕೆ, ಜನರೊಂದಿಗಿನ ಸಂಬಂಧ, ಮಾತು ಮತ್ತು ತಿಳಿವಳಿಕೆ, ಕೆಲಸ. ಗಮನಕ್ಕೆ ಅಂತಲೇ ಕಲಮು ಇಲ್ಲ. ಪ್ರಮಾಣಪತ್ರಕ್ಕಾಗಿ ಮಗನನ್ನು ಕರೆದೊಯ್ದ ತಂದೆ, 'ಕೆಲಸಕ್ಕೆ ಸೇರಿಸಿದರೆ ವಾರವೂ ನಿಲ್ಲಲ್ಲ ಸಾರ್' ಎನ್ನುತ್ತಾರೆ. ಯಾಕೆ ನಿಲ್ಲುವುದಿಲ್ಲ ಎಂಬುದು ಅವರಿಗೂ ಗೊತ್ತಿರುವುದಿಲ್ಲ. ಮಗನಿಗೆ ಹೇಳಲೂ ಬರುವುದಿಲ್ಲ. ವೂಸ್ಟರ್‌ನ ಆ ಕೆಲವು ಸೆಕೆಂಡುಗಳು ಗೊತ್ತಿದ್ದರೆ ಕನಿಷ್ಠ, ಒಂದೇ ಉಸಿರಿಗೆ ನಾಲ್ಕು ಸಾಮಾನು ಹೇಳಿ ಅಂಗಡಿಗೆ ಕಳಿಸುವುದನ್ನು ಬಿಟ್ಟು ಚೀಟಿ ಬರೆದುಕೊಡಬಹುದಿತ್ತು. ಮಾತಾಡುವಾಗ ಟಿ.ವಿ. ಆರಿಸಬಹುದಿತ್ತು.

ಅಮೆರಿಕದ ಸ್ಟೀವನ್ ಸಿಲ್ವರ್‌ಸ್ಟೀನ್ ಮತ್ತು ಅವರ ಸಂಗಡಿಗರು 2001ರಲ್ಲಿ ಬರೆದ ಒಂದು ವಿಧಾನವಿದೆ. ಯಾವ ಪಾಠದಲ್ಲೂ ಕೂರಲಾಗದೆ ಹಿಂದುಳಿದಿದ್ದ, ಬಹುಕಾಲದಿಂದ ಆಸ್ಪತ್ರೆಯಲ್ಲಿದ್ದ ರೋಗಿಗಳಿಗಾಗಿ ಮಾಡಿದ್ದು. ತರಗತಿಯಲ್ಲಿ ಒಬ್ಬೊಬ್ಬರಿಗೂ ಅವರವರ ಶಕ್ತಿಗೆ ತಕ್ಕಂತೆ ಇಷ್ಟು ಹೊತ್ತು ಎಂದು ಗುರಿ ಗೊತ್ತುಮಾಡುತ್ತಾರೆ. ಒಬ್ಬನಿಗೆ ಕೆಲವೇ ನಿಮಿಷ ಇರಬಹುದು, ಪಕ್ಕದವನಿಗೆ ಅದಕ್ಕಿಂತ ಹೆಚ್ಚು. ಅಷ್ಟು ಹೊತ್ತು ಪಾಠದ ಕಡೆ ಮುಖವಿಟ್ಟು ಕೂತವನಿಗೆ ಅಲ್ಲೇ ಶಾಭಾಸ್ ಹೇಳಿ ಒಂದು ಟೋಕನ್ ಕೊಡುತ್ತಾರೆ. ಅದನ್ನು ಕೊಟ್ಟು ಬೇಕಾದ್ದನ್ನು ಕೊಳ್ಳಬಹುದು. ಗುರಿ ಮುಟ್ಟುತ್ತಾ ಬಂದಂತೆ ಹೊತ್ತನ್ನು ಸ್ವಲ್ಪ ಹಿಗ್ಗಿಸುತ್ತಾರೆ. ಇಲ್ಲಿಯೂ ಗಡಿಯಾರ ಇದೆ, ಪಕ್ಕದಲ್ಲಿ ಕೂತು ಬರೆದುಕೊಳ್ಳುವವರೂ ಇದ್ದಾರೆ. ಆದರೆ ಅಂಕ ಹಾಕುವುದು ಆರೋಗ್ಯವಂತರ ಜೊತೆ ಹೋಲಿಸಿ ಅಲ್ಲ, ಅದೇ ಮನುಷ್ಯನ ಹಿಂದಿನ ವಾರದ ಜೊತೆ.